ಕೊಡದ ಮೇಲಿನ ಮದುವೆ ಫೋಟೋ

ಹೋದ ವರ್ಷ ಮದುವೆಯ ದಿನ ಮರೆತ ತಪ್ಪಿಗೆ ಶಿವಯೋಗಿ ಎಂಟು ದಿನ ಸಪ್ಪೆ ಸಾರು ಉಂಡಿದ್ದ. ಈ ಸಲ ಮೂವತ್ತನೆಯ ವರ್ಷ. ಹೆಂಡತಿ ಮಂಜುಳಾ ರಟ್ಟೀಹಳ್ಳಿಯ ತವರಿನಿಂದ ಸಂಜೆ ಬಸ್ಸಿಗೆ ಹಿರೇಕೆರೂರಿಗೆ ಬರುವುದರೊಳಗೆ ಮದುವೆಯ ಫೋಟೋವನ್ನು ಟೈಲ್ಸಿನ ಮೇಲೆ ಇಳಿಸಿ, ಕೈಯಾರೆ ಮಾಡಿದ ಉಡುಗೊರೆ ಕೊಡಬೇಕು. ಮೊಬೈಲಿನಲ್ಲಿ ನೋಡಿದಾಗ ಬಲು ಸುಲಭ ಅನ್ನಿಸಿತ್ತು.

ಫೋಟೋದ ಕಲರ್ ಝೆರಾಕ್ಸನ್ನು ಬಿಳಿ ಟೈಲ್ಸಿಗೆ ಬೋರಲಾಗಿ ಅಂಟಿಸಿ ಬಿಸಿಲಿಗೆ ಒಣಗಿಸಿದ. ಮಾವ ಕೊಟ್ಟ ವಾಚನ್ನು ಬಿಚ್ಚಿಟ್ಟು, ಕಾಗದಕ್ಕೆ ನೀರು ಚಿಮುಕಿಸಿ ಮೆಲ್ಲಗೆ ತಿಕ್ಕತೊಡಗಿದ. ಕಾಗದ ಉದುರಿ ಬಣ್ಣ ಮಾತ್ರ ಉಳಿಯಿತು. ಮೊದಲು ಬಾಸಿಂಗ ಕಂಡಿತು, ಆಮೇಲೆ ಇಪ್ಪತ್ತರ ಮಂಜುಳಾ, ನಗು ತಡೆದ ಆಕೆಯ ತುಟಿ. ಅಕ್ಷತೆ ಬೀಳುವಾಗ ಬೇಕೆಂದೇ ಇವನ ಕಾಲು ತುಳಿದಿದ್ದಳು! ಆ ಹುಡುಗಿ ಎಲ್ಲಿ ಹೋದಳು, ಆ ಹುಡುಗನಾದರೂ ಎಲ್ಲಿ ಹೋದ ಅನ್ನಿಸಿತು ಶಿವಯೋಗಿಗೆ.

ಅಷ್ಟರಲ್ಲಿ ಆಚೀಚೆ ಮನೆಯ ನಾಗಪ್ಪ, ಹಾಜರಾಬಿ ಇಬ್ಬರೂ ಬಂದರು. ನಾಗಪ್ಪ ಟೈಲ್ಸನ್ನೂ ಫೋಟೋವನ್ನೂ ಅಕ್ಕಪಕ್ಕ ಹಿಡಿದ.

"ಏ ಶಿವಯೋಗಿ, ಉಲ್ಟಾ ಆಗೇತಿ! ಫೋಟೋದಾಗ ವಾಚು ಈ ಕೈಯಾಗೈತಿ, ಇದರಾಗ ಆ ಕೈಗೆ ಹೋಗೇತಿ."

"ಛಂದ ಐತಲ್ರಿ, ಇರ್ಲಿ ಬಿಡ್ರಿ," ಎಂದಳು ಹಾಜರಾಬಿ.

"ಇರ್ಲಿ ಅಂದ್ರ? ಮಂಜುಳಾ ತಂಗೆವ್ವಗ ಮೊದಲ ಕಾಣೂದು ತಪ್ಪು!"

ಶಿವಯೋಗಿಗೆ ಸಪ್ಪೆ ಸಾರು ನೆನಪಾಯಿತು. ಟೈಲ್ಸನ್ನು ಕಸದ ಬುಟ್ಟಿಗೆ ಹಾಕಹೋದ.

"ಒಗೀತೀರೇನ್ರಿ? ಇತ್ತಾಗ ಕೊಡ್ರಿ, ನನ್ನ ಕೊಡದ ಮುಚ್ಚಳ ಒಡದೈತಿ," ಎಂದು ಹಾಜರಾಬಿ ಟೈಲ್ಸನ್ನು ಒಯ್ದಳು.

ಶಿವಯೋಗಿ ಸಂತೆಯ ಜನರನ್ನು ಸೀಳಿಕೊಂಡು ಝೆರಾಕ್ಸ್ ಅಂಗಡಿಗೆ ಓಡಿದ. "ಉಲ್ಟಾ ತಗದು ಕೊಡ್ರಿ," ಎಂದು ಮೂರು ಸಲ ಹೇಳಿದ ಮೇಲೆ ಅಂಗಡಿಯವನಿಗೆ ತಿಳಿಯಿತು. ಮತ್ತೆ ಅಂಟಿಸಿದ. ಬಿಸಿಲು ಇಳಿಯುತ್ತಿತ್ತು, ಮೊರ ಹಿಡಿದು ಗಾಳಿ ಬೀಸಿದ. ತಿಕ್ಕಿ ತಿಕ್ಕಿ ಬೆರಳು ಸುಕ್ಕಾದವು.

"ಈಗ ನೋಡು, ಕೂದಲೆಳಿ ಫರಕಿಲ್ಲ," ಎಂದು ನಾಗಪ್ಪ ಪಾಸು ಮಾಡಿದ.

ಮಂಜುಳಾ ಬಂದಳು. ಟೈಲ್ಸ್ ನೋಡಿದಳು. ಕಣ್ಣು ತೇವವಾಯಿತು. ಶಿವಯೋಗಿ ಗೆದ್ದೆ ಅಂದುಕೊಂಡ.

"ಮದುವಿ ದಿನಾ ನೀವು ಬಲಗೈಗೆ ವಾಚು ಕಟ್ಟಿದ್ರೇನು?"

ಶಿವಯೋಗಿ ತನ್ನ ಎಡಗೈ ನೋಡಿಕೊಂಡ. ಅಲ್ಲಿ ಮೂವತ್ತು ವರ್ಷ ವಾಚು ಕೂತ ಬೆಳ್ಳನೆಯ ಪಟ್ಟಿ.

"ಸ್ಟುಡಿಯೋದಾವ ಫಿಲ್ಮು ಉಲ್ಟಾ ಇಟ್ಟು ಫೋಟೋ ಮಾಡಿದ್ದ. ನನ್ನ ಸೆರಗು ಸೈತ ಬಲಕ್ಕ ಬಿದ್ದೈತಿ. ಸರಿ ಮಾಡಸ್ಕೊಂಡು ಬರ್ರಿ ಅಂತ ಎಷ್ಟು ಅತ್ತಿದ್ದೆ! ಇಷ್ಟು ವರ್ಷದಾಗ ಒಮ್ಮೆರ ಆ ಫೋಟೋ ನೆಟ್ಟಗ ನೋಡೀರೇನ್ರಿ?"

ತವರಿನ ಹೋಳಿಗೆಯಲ್ಲಿ ನಾಲ್ಕು ತೆಗೆದುಕೊಂಡು ಆಕೆ ಸಿಟ್ಟಿನಲ್ಲೇ ಹಾಜರಾಬಿಯ ಮನೆಗೆ ಹೋದಳು. ಮರುಕ್ಷಣ ಅಲ್ಲಿಂದ ಕೂಗು ಕೇಳಿಸಿತು. ಶಿವಯೋಗಿ ಓಡಿದ. ಮಂಜುಳಾ ಕೊಡದ ಮುಚ್ಚಳವನ್ನು ಎದೆಗೆ ಅವಚಿಕೊಂಡು ನಗುತ್ತ ಅಳುತ್ತಿದ್ದಳು.

"ಅಕ್ಕಾ, ನನ್ನ ಸೆರಗು ಎಡಕ್ಕ ತಂದೀರಲ್ಲಾ! ನಿಮಗರ ತಿಳೀತು!"

"ಅದು ನಾನ ಮಾಡಿದ್ದು," ಎಂದ ಶಿವಯೋಗಿ.

"ನೀವು ಮಾಡಿದ್ದು ಈ ಕೊಡದ ಮ್ಯಾಲ ಯಾಕ ಬಂತು?"

ಹಾಜರಾಬಿ ಸುಳ್ಳು ಹೇಳುವ ಹೆಂಗಸಲ್ಲ. "ಹೌದ್ರಿ, ಅವರ ಮಾಡಿದ್ದು. ತಪ್ಪಾಗೇತಿ ಅಂತ ಒಗಿಯಾಕತ್ತಿದ್ರು."

ಆ ಟೈಲ್ಸು ಗೋಡೆ ಏರಿತು. ನಾಗಪ್ಪ ಪಾಸು ಮಾಡಿದ್ದು ಕೊಡದ ಮೇಲೆ ಕುಳಿತಿತು. ಉಳಿದ ಹೋಳಿಗೆಯೂ ಹಾಜರಾಬಿಗೇ ಹೋಯಿತು. ಶಿವಯೋಗಿಯ ತಟ್ಟೆಗೆ ಸಪ್ಪೆ ಸಾರು ಬಂತು.