ಬೆಲ್ಲದ ಇಟ್ಟಿಗೆಯ ಅರಮನೆ

"ಇನ್ನ ಎಂಟು ದಿನದಾಗ ನನ್ನ ಮೊಮ್ಮಗ ಈ ಪಡಸಾಲ್ಯಾಗ ಅರಮನಿ ಕಟ್ತಾನ. ಕಟ್ಟಿ, ನನ್ನ ಕಡೆ ನೋಡಿ 'ಅಜ್ಜಾ' ಅಂತಾನ. ಇದು ನನ್ನ ಮಾತು!"

ಜಮಖಂಡಿಯ ಕನ್ನಡ ಶಾಲೆಯ ಆದಿನಾಥ ಮಾಸ್ತರರು ಹೀಗೆ ಘೋಷಿಸಿದಾಗ ಅವರ ಪತ್ನಿ ರಾಜಮತಿಬಾಯಿ ಜೋಳದ ಹಿಟ್ಟು ಸಾಣಿಸುತ್ತಿದ್ದರು. ಕೈಯೊಳಗಿನ ಸಾಣಿಗೆ ನಿಲ್ಲಲಿಲ್ಲ.

"ಮಾತಿಗೇನ್ರಿ, ಎಷ್ಟರ ಆಡ್ರಿ. ಅದಕ್ಕ ಇನ್ನೂ ನೆಟ್ಟಗ ನಿಂದರಾಕ ಬರೂದಿಲ್ಲ."

ಮಾಸ್ತರರ ಮಾತಿಗೆ ಕಾರಣವಿತ್ತು. ಮಗಳು ಅನುಸೂಯಾ ಒಂದೂವರೆ ವರ್ಷದ ಶಾಂತುವನ್ನು ಎತ್ತಿಕೊಂಡು ರಬಕವಿಯಿಂದ ತವರಿಗೆ ಬಂದಿದ್ದಳು. ರಬಕವಿಯಲ್ಲಿ ಅವಳ ಮಾವ ಪಾರ್ಶ್ವನಾಥಪ್ಪನವರಿಗೆ ಎಂಟು ಕೈಮಗ್ಗಗಳಿದ್ದವು. ಹೊರಡುವಾಗ ಅವರು ಮೊಮ್ಮಗನ ಕೈಗೆ ಒಂದು ಚೀಲ ಕಂಡಕಿ ಕೊಟ್ಟಿದ್ದರು. ಕಂಡಕಿ ಎಂದರೆ ನೇಕಾರರು ನೂಲು ಸುತ್ತಿ ಲಾಳಿಯೊಳಗೆ ಇಡುವ ಬೆರಳುದ್ದದ ಕೊಳವೆ. ಕೂಸು ದಿನವಿಡೀ ಆ ಕಂಡಕಿಗಳನ್ನು ನೆಲದ ಮೇಲೆ ಉರುಳಿಸುತ್ತ "ಅಜ್ಜಾ, ಅಜ್ಜಾ" ಎನ್ನುತ್ತಿತ್ತು. ಆದರೆ ಆ ಅಜ್ಜ ರಬಕವಿಯ ಅಜ್ಜ! ಮಾಸ್ತರರು ಎತ್ತಿಕೊಳ್ಳಲು ಹೋದರೆ ಅವರ ಮೀಸೆಯನ್ನು ಒಮ್ಮೆ ನೋಡಿ ಕಿಟಾರನೆ ಕಿರುಚುತ್ತಿತ್ತು.

ಊರ ಮಕ್ಕಳ ಬಾಯಿಂದೆಲ್ಲ ಮೂವತ್ತು ವರ್ಷ ವರ್ಣಮಾಲೆ ಹೊರಡಿಸಿದವರು ಅವರು. ಸ್ವಂತ ಮೊಮ್ಮಗನ ಬಾಯಿಂದ ಎರಡಕ್ಷರ ಹೊರಡಿಸಲಾಗದೆ ಸೋತಿದ್ದರು. ಬರುವ ಶುಕ್ರವಾರ ಬೀಗರು ತಾಯಿ-ಮಗುವನ್ನು ಕರೆದೊಯ್ಯಲು ಬರುವವರಿದ್ದರು. ಅಷ್ಟರೊಳಗೆ ಆ ಎರಡಕ್ಷರ ಬರಲೇಬೇಕು!

"ಕಂಡಕಿ ಉರುಳಸೂದು ಆಟಲ್ಲ. ಧಾರವಾಡದಾಗ ಟ್ರೇನಿಂಗಿನಾಗ ಇದ್ದಾಗ ಕೇಳೇನಿ. ಕಟ್ಟೂ ಆಟಿಗಿ ಕೊಟ್ರ ಕೂಸಿನ ಬುದ್ಧಿ ಬೆಳೀತೈತಿ. ಕೊಟ್ಟವರ ಮ್ಯಾಲೆ ಪ್ರೀತೀನೂ ಹುಟ್ಟತೈತಿ," ಎಂದರು ಮಾಸ್ತರರು. ಕೊನೆಯ ವಾಕ್ಯ ಧಾರವಾಡದ್ದಲ್ಲ, ಅವರದೇ.

ಮೊದಲು ಬಡಿಗೇರ ಮುರಗೆಪ್ಪನಿಂದ ಇಪ್ಪತ್ತನಾಲ್ಕು ಕಟ್ಟಿಗೆಯ ಇಟ್ಟಿಗೆ ಮಾಡಿಸಿದರು. ಮುರಗೆಪ್ಪ ಚಕ್ಕಡಿಯ ಗಾಲಿ ಮಾಡುವವನು. ಗಾಲಿಗೆ ಬಳಸುವ ಜಾಲಿಯಿಂದಲೇ ಮಾಡಿಕೊಟ್ಟ. ಶಾಂತು ಎರಡೂ ಕೈಯಿಂದ ಒಂದನ್ನು ಎತ್ತಿ ಅಜ್ಜಿಯ ಕಾಲಿನ ಹೆಬ್ಬೆರಳ ಮೇಲೆ ಬಿಟ್ಟ.

"ಅಯ್ಯಯ್ಯೋ! ಇದು ಕೂಸಿನ ಬುದ್ಧಿ ಬೆಳಸೂದೋ, ನನ್ನ ಬೆರಳ ಬೆಳಸೂದೋ?" ಎಂದು ರಾಜಮತಿಬಾಯಿ ಕುಂಟುತ್ತ ಒಳಗೆ ಹೋದರು.

ಎರಡನೆಯದಾಗಿ ಕುಂಬಾರನಿಂದ ಪುಟ್ಟ ಮಣ್ಣಿನ ಇಟ್ಟಿಗೆ ಬಂದವು. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಶಾಂತು ಒಂದರ ಮೂಲೆಯನ್ನು ತಿಂದ. ಮೂರನೆಯದಾಗಿ ಹಗುರ ಕಟ್ಟಿಗೆಗೆ ಕೆಂಪು ಬಣ್ಣ ಬಳಿಸಿ ತಂದರು. ಅರ್ಧ ಗಳಿಗೆಯಲ್ಲಿ ಕೂಸಿನ ಬಾಯಿ, ಗದ್ದ, ಎದೆ ಎಲ್ಲ ಕೆಂಪು. ಅನುಸೂಯಾ "ರಕ್ತ! ರಕ್ತ!" ಎಂದು ಓಣಿಗೆ ಕೇಳುವಂತೆ ಚೀರಿದಳು. ಓಡಿಬಂದ ವೈದ್ಯರು ಮೂಸಿ ನೋಡಿ, "ಬಣ್ಣ ಐತ್ರಿ. ಕೂಸಿಗೇನೂ ಆಗಿಲ್ಲ, ತಂದವರಿಗೆ ಬೇಕಾದ್ರ ಔಷಧ ಕೊಡ್ತೀನಿ," ಎಂದು ಹೋದರು.

ಮಂಗಳವಾರ ಮಾಸ್ತರರು ಕೈ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ಅಡ್ಡಾಡಿ ವಿಚಾರ ಮಾಡಿದರು. ಕೂಸು ಏನು ಕೊಟ್ಟರೂ ಬಾಯಿಗೆ ಒಯ್ಯುತ್ತದೆ. ಆದ್ದರಿಂದ ಬಾಯಿಗೆ ಒಯ್ಯತಕ್ಕದ್ದನ್ನೇ ಕೊಡಬೇಕು. ಎಂಥ ಸರಳ ಸಿದ್ಧಾಂತ! ಇದು ಧಾರವಾಡದವರಿಗೂ ಹೊಳೆದಿರಲಿಲ್ಲ!

"ಬೆಲ್ಲದ ಇಟ್ಟಿಗಿ!" ಎಂದು ಕೂಗಿದರು. "ಕಟ್ಟಿದ್ರ ಮನಿ, ತಿಂದ್ರ ಬೆಲ್ಲ!"

ಮುಧೋಳದ ಕಡೆ ಕಬ್ಬಿನ ಗಾಣ ನಡೆಸುತ್ತಿದ್ದ ರಾಮಲಿಂಗಪ್ಪ ಅವರ ಹಳೆಯ ವಿದ್ಯಾರ್ಥಿ. ಗುರುಗಳು ಕಳಿಸಿದ ಕಟ್ಟಿಗೆಯ ಅಚ್ಚಿನಲ್ಲಿ ಬಿಸಿ ಪಾಕ ಸುರಿದು, ಬುಧವಾರ ಸಂಜೆಗೆ ಅರವತ್ತು ಬೆಲ್ಲದ ಇಟ್ಟಿಗೆ ಕಳಿಸಿಕೊಟ್ಟ. ಬಂಗಾರದ ಬಣ್ಣ, ಚೂಪು ಅಂಚು. ಹೇಗೆ ಕಟ್ಟಬೇಕೆಂದು ಕೂಸಿಗೆ ತೋರಿಸಲು ಮಾಸ್ತರರೇ ಪಡಸಾಲೆಯಲ್ಲಿ ಕುಳಿತು ಅರಮನೆ ಕಟ್ಟಿದರು. ಮೆಟ್ಟಿಲು, ಮಹಾದ್ವಾರ, ಎರಡು ಬುರುಜು. ಎರಡನೆಯ ಬುರುಜು ಏಳುವಷ್ಟರಲ್ಲಿ ಶಾಂತು ಒಂದು ಮೆಟ್ಟಿಲನ್ನು ನೆಕ್ಕಿ ನಿದ್ದೆಹೋಗಿದ್ದ. ಅರಮನೆಯ ಮೇಲೆ ಬುಟ್ಟಿ ಮುಚ್ಚಿಟ್ಟರು.

ಗುರುವಾರ ಬೆಳಿಗ್ಗೆ ಬುಟ್ಟಿ ತೆಗೆದರೆ ಅರಮನೆ ಕಪ್ಪಾಗಿತ್ತು. ಅಷ್ಟೇ ಅಲ್ಲ, ಅಲುಗಾಡುತ್ತಿತ್ತು! ರಾತ್ರಿ ಕಳೆಯುವಷ್ಟರಲ್ಲಿ ಪ್ರಜೆಗಳು ಬಂದು ನೆಲೆಸಿದ್ದರು. ಸಾವಿರಾರು ಇರುವೆಗಳು!

ಬೇರೆ ಮನೆಯಾಗಿದ್ದರೆ ಒಂದು ಕಸಬರಿಗೆ ಸಾಕಿತ್ತು. ಆದರೆ ಇದು ನೀರನ್ನು ಸೋಸಿ ಕುಡಿಯುವ, ನೆಲ ನೋಡಿ ಹೆಜ್ಜೆಯಿಡುವ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಮೇಲಾಗಿ, ಕೈಯಿಂದ ಒಂದು ಇರುವೆ ಸತ್ತರೆ ಒಂದು ಹೊತ್ತು ಉಪವಾಸವೆಂದು ಮಾಸ್ತರರೇ ಮನೆಗೆ ಕಾಯಿದೆ ಮಾಡಿದ್ದರು. ಆ ಕಾಯಿದೆಯ ಪ್ರಕಾರ ರಾಜಮತಿಬಾಯಿ ಮೂರು ಸಲ, ಅನುಸೂಯಾ ಚಿಕ್ಕವಳಿದ್ದಾಗ ಐದು ಸಲ ಊಟ ಬಿಟ್ಟಿದ್ದರು. ಮಾಸ್ತರರು ಒಮ್ಮೆಯೂ ಬಿಟ್ಟಿರಲಿಲ್ಲ. ಅದನ್ನು ಅವರು ಆಗಾಗ ನೆನಪಿಸುತ್ತಲೂ ಇದ್ದರು.

ಪಕ್ಕದ ಮನೆಯ ಕೆಂಪವ್ವ ಗೋಡೆಯಾಚೆಯಿಂದ ಇಣುಕಿದಳು. "ಅಕ್ಕಾರ, ಒಂದ ಕೊಡ ಕುದಿಯೂ ನೀರ ಸುರೀರಿ, ಆತು!"

ರಾಜಮತಿಬಾಯಿ ಕಿವಿ ಮುಚ್ಚಿಕೊಂಡರು. "ಸಣ್ಣಗ ಮಾತಾಡ ಕೆಂಪವ್ವಾ, ಅವಕ್ಕ ಕೇಳಸೀತು!"

ಮಾಸ್ತರರು ಒಂದೊಂದೇ ಇಟ್ಟಿಗೆಯನ್ನು ಉಫ್ ಎಂದು ಊದಿ, ಎಲ್ಲವನ್ನೂ ಅಡುಗೆಮನೆಯ ಗೋಡೆಯ ಗೂಡಿನಲ್ಲಿಟ್ಟರು. ಇರುವೆಗಳು ಸಾಲು ಹಿಡಿದು ಅಲ್ಲಿಗೆ ಬಂದವು. ಒಲೆಯ ಮೇಲಿನ ಹಲಗೆಗೆ ಏರಿಸಿದರು. ಸಾಲು ಒಲೆಯನ್ನು ಸುತ್ತಿ, ಬಾಯೊಳಗೆ ಇಳಿದು, ಮೇಲೆ ಹತ್ತಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಕೂಡ್ರುವಂತಿಲ್ಲ, ಅಡುಗೆಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ!

"ನಾಕ ತಾಸಿಗೆ ಬೀಗ್ರು ಬರ್ತಾರ. ಹೊತ್ತ ಮುಣುಗೂದ್ರಾಗ ಊಟ ಆಗಬೇಕು. ನಾ ಏನ ನನ್ನ ತಲೀ ಮ್ಯಾಲೆ ಅಡಗಿ ಮಾಡ್ಲ್ಯಾ?" ರಾಜಮತಿಬಾಯಿಯ ದನಿ ಏರಿತು. "ಬೆಲ್ಲಾ ಹೊರಗ ಒಯ್ದ ಇಡ್ರಿ. ಅವೂ ಹೊರಗ ಹೊಕ್ಕಾವು."

"ಹೊರಗ ಇಟ್ರ ಬೀಗ್ರಿಗೆ ತೋರಸೂದೇನು?"

"ಇರಿವಿ ತೋರಸ್ರಿ!"

ರಾಜಮತಿಬಾಯಿಯೇ ಎಲ್ಲವನ್ನೂ ಅಗಲವಾದ ಪರಾತದಲ್ಲಿ ಹಾಕಿ ಹಿತ್ತಲ ಬೇವಿನ ಬುಡಕ್ಕೆ ಒಯ್ದಿಟ್ಟರು. ಹೆಂಡತಿ ಬೆನ್ನು ತಿರುವಿದಾಗ ಮಾಸ್ತರರು ಒಂದೇ ಒಂದು ಇಟ್ಟಿಗೆಯನ್ನು ಊದಿ ಕೋಟಿನ ಕಿಸೆಯಲ್ಲಿ ಹಾಕಿಕೊಂಡರು. ಮಾದರಿಗೊಂದು ಬೇಡವೇ?

ನಾಲ್ಕು ಗಂಟೆಗೆ ಬೀಗರ ಚಕ್ಕಡಿ ಬಂತು. ಪಾರ್ಶ್ವನಾಥಪ್ಪನವರು ಇಳಿಯುತ್ತಿದ್ದಂತೆ ಶಾಂತು "ಅಜ್ಜಾ!" ಎಂದು ಕೈಚಾಚಿದ. ಮಾಸ್ತರರು ಗಂಟಲು ಸರಿಮಾಡಿಕೊಂಡರು.

"ಯಾಕ ಮಾಸ್ತರ, ಹೊರಗ ಕಟ್ಟೀ ಮ್ಯಾಲೆ ಕುಂದರಸಿದ್ರಿ? ಒಳಗ ಸುಣ್ಣಾ ಹಚ್ಚಸಾಕತ್ತೀರೇನು?"

"ಗಾಳಿ ಛಲೋ ಬರ್ತೈತ್ರಿ ಇಲ್ಲೆ," ಎಂದರು ಮಾಸ್ತರರು.

"ಮಾವಾರ, ಒಳಗ ಇರಿವಿ ಅದಾವ್ರಿ," ಎಂದಳು ಅನುಸೂಯಾ. ಮಗಳಿಗೆ ಸತ್ಯ ನುಡಿಯಲು ಕಲಿಸಿದ್ದೂ ಮಾಸ್ತರರೇ.

ಅಂಗಳದಲ್ಲಿ ಒಲೆ ಹೂಡಬೇಕಾಯಿತು. ಕಟ್ಟುವ ವಿದ್ಯೆಯ ಮೇಲೆ ಇಷ್ಟು ಮಾತಾಡಿದವರು ಹಿಂದೆಗೆದಾರೆಯೇ? ಮೂಲೆಗೆ ಬಿದ್ದಿದ್ದ ಮಣ್ಣಿನ ಇಟ್ಟಿಗೆಗಳನ್ನು ಜೋಡಿಸಿ ಮಾಸ್ತರರೇ ಒಲೆ ಕಟ್ಟಿದರು. ನೋಡಲು ಚೆಂದವಿತ್ತು. ಅಕ್ಕಿ ಕುದಿ ಬಂದು ಉಕ್ಕಿತು. ಹಸಿ ಇಟ್ಟಿಗೆ ನೀರು ಕುಡಿದು ಮೆತ್ತಗಾಯಿತು. ಬೋಗುಣಿ ಒಂದು ಕಡೆಗೆ ವಾಲಿ, ಮೆಲ್ಲಗೆ ಮಲಗಿ, ಬೆಂಕಿಯನ್ನೂ ಆರಿಸಿತು.

ಸೂರ್ಯ ಗುಡ್ಡದ ಮೇಲೆ ಒಂದು ಮಾರು ಇದ್ದಾಗ ರಾಜಮತಿಬಾಯಿ ಅವಲಕ್ಕಿಗೆ ಮೊಸರು ಕಲಸಿ ಬೀಗರ ಮುಂದಿಟ್ಟರು. "ಅವಲಕ್ಕಿ ಭಾಳ ಛಲೋ ಆಗ್ಯಾವ್ರಿ ತಂಗೀ," ಎಂದು ಅವರು ನಗದೆ ಉಂಡದ್ದು ದೊಡ್ಡತನ.

ಊಟವಾದ ಮೇಲೆ ಮಾಸ್ತರರು ಮಾನ ಉಳಿಸಿಕೊಳ್ಳಲು ಕಟ್ಟೆಯ ಮೇಲೆ ನೆಟ್ಟಗೆ ಕುಳಿತು ಬಾಲಶಿಕ್ಷಣದ ವಿಷಯ ತೆಗೆದರು. ಅಷ್ಟರಲ್ಲಿ ಎಡ ಪಕ್ಕೆಯಲ್ಲಿ ಏನೋ ಹರಿದಾಡಿತು. ಆಮೇಲೆ ತೊಡೆಯ ಮೇಲೆ. ಇರುವೆಗಳು ಕಿಸೆಯನ್ನು ಕಂಡುಹಿಡಿದಿದ್ದವು! ಹೊಡೆಯುವಂತಿಲ್ಲ, ಒರಸುವಂತಿಲ್ಲ, ಬೀಗರ ಮುಂದೆ ಕೋಟು ಬಿಚ್ಚುವಂತಿಲ್ಲ.

"ಎರಡನೇ ವರ್ಷದಾಗ ಕೂಸಿನ... ಹ್ಹಾ... ಬುದ್ಧಿ ಅಂಬೂದು... ಸ್ಸ್... ಕಟ್ಟೂದ್ರಿಂದ..."

"ನೀವು ಹೇಳೂದು ನೇರ ಎದಿಗೆ ತಟ್ಟತೈತಿ ಬಿಡ್ರಿ, ಮಾಸ್ತರ," ಎಂದರು ಬೀಗರು ಮನಸಾರೆ.

ಆಗ ಶಾಂತು ಎದ್ದ. ತೂರಾಡುತ್ತ ಮಾಸ್ತರರ ಕಡೆಗೇ ಬಂದ. ಮೀಸೆಯನ್ನು ನೋಡಿದ, ಅಳಲಿಲ್ಲ. ಮೊಣಕಾಲು ಹಿಡಿದು ನಿಂತು, ಕಿಸೆಗೆ ಕೈಹಾಕಿ ಬೆಲ್ಲದ ಇಟ್ಟಿಗೆಯನ್ನು ಹೊರಗೆಳೆದ. ನೇರವಾಗಿ ರಬಕವಿಯ ಅಜ್ಜನ ಹತ್ತಿರ ಹೋಗಿ ಅವರ ತೊಡೆಯ ಮೇಲೆ ಅದನ್ನಿಟ್ಟ. ಅದರ ಮೇಲೆ, ಅಲ್ಲೇ ಬಿದ್ದಿದ್ದ ಒಂದು ಕಂಡಕಿಯನ್ನು ನೆಟ್ಟಗೆ ನಿಲ್ಲಿಸಿದ.

"ಮಾಸ್ತರ, ನಿಮ್ಮ ಮಾತ ಖರೆ ಆತು! ಕೂಸು ಕಟ್ಟಿತು ನೋಡ್ರಿ!" ಎಂದರು ಬೀಗರು.

ಕಟ್ಟಿತು ನಿಜ. ಆದರೆ ಯಾರ ತೊಡೆಯ ಮೇಲೆ? ಮಾಸ್ತರರ ಮುಖ ಇಳಿಯಿತು. ಮೈಮೇಲೆ ಹರಿದಾಡುವ ಇರುವೆಗಳೂ ಮರೆತುಹೋದವು.

ಅಷ್ಟರಲ್ಲಿ ಶಾಂತು ತಿರುಗಿ ಬಂದ. ಬರಿದಾದ ಕಿಸೆಯನ್ನು ತಡಕಿದ. ಇನ್ನೊಂದು ಸಿಗಲಿಲ್ಲ. ತಲೆಯೆತ್ತಿ, ಅಂಗೈ ಚಾಚಿ, ಸ್ಪಷ್ಟವಾಗಿ ಅಂದ:

"ಅಜ್ಜಾ."

"ಕೇಳಿದ್ರೇನು! ನನಗ ಅಂದ! ನನಗ!" ಎಂದು ಮಾಸ್ತರರು ಸಂತೋಷದಿಂದ ಎರಡೂ ತೊಡೆಯನ್ನು ಪಟ್ಟೆಂದು ಬಡಿದುಕೊಂಡರು.

ಮರುಗಳಿಗೆಯೇ ಇರುವೆಗಳು ನೆನಪಾದವು. ಮಾಸ್ತರರು ಮೆಲ್ಲಗೆ ಅಂಗೈ ತಿರುವಿ ನೋಡಿದರು.

"ಎಷ್ಟು?" ಎಂದು ಕೇಳಿದರು ರಾಜಮತಿಬಾಯಿ, ಬಾಗಿಲಲ್ಲಿ ನಿಂತು.

"ಎರಡು."

ಶನಿವಾರ ಬೆಳಿಗ್ಗೆ ಬೇವಿನ ಬುಡಕ್ಕೆ ವಲಸೆಹೋದ ಇರುವೆಗಳು ಮನೆ ಬಿಟ್ಟುಕೊಟ್ಟಿದ್ದವು. ಬೀಗರು ಬಿಸಿ ರೊಟ್ಟಿ, ಹೀರೇಕಾಯಿ ಪಲ್ಯ ಉಂಡು, ಸೊಸೆ-ಮೊಮ್ಮಗನನ್ನು ಕರೆದುಕೊಂಡು ಚಕ್ಕಡಿ ಹತ್ತಿದರು. ಬರಿ ಹೊಟ್ಟೆಯ ಮಾಸ್ತರರು ಅದು ಓಣಿ ತಿರುಗುವವರೆಗೂ ನಿಂತು ನೋಡಿ, ಒಳಗೆ ಬಂದು ಗೋಡೆಗೆ ಒರಗಿದರು.

"ಎರಡ ಅಕ್ಷರಕ್ಕ ಎರಡ ಹೊತ್ತು," ಎಂದರು. "ಖರೆ ಹೇಳಬೇಕಂದ್ರ ತುಟ್ಟಿ ಆಗಲಿಲ್ಲ ಬಿಡು."

ರಾಜಮತಿಬಾಯಿ ತಮ್ಮ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಕೊಂಡರು.

"ಅದನ್ನ ಆ ಎರಡ ಇರಿವೀನ ಕೇಳ್ರಿ," ಎಂದರು.