ಎದುರಾಳಿ ಬೇಕಾಗಿದ್ದಾರೆ

ಕನ್ನಡಕದಂಗಡಿಯ ಯಜಮಾನರು ತಮ್ಮ ಹಳೆಯ ಜಾಲತಾಣವನ್ನು ತ್ಯಜಿಸಿದ ದಿನ ಲೋಕಕ್ಕೆ ಏನೂ ಆಗಲಿಲ್ಲ. ಆದದ್ದೆಲ್ಲ ಅವರ ಹೆಂಡತಿಗೆ. ಆಕೆ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಪರದೆ, ಫ್ರಾಕು, ಪ್ಯಾಂಟಿನ ಆಲ್ಟರೇಷನ್ ಅಂತ ತನ್ನ ಪಾಡಿಗೆ ತಾನಿದ್ದವಳು. ಬೀದಿಯವರಿಗೆಲ್ಲ ಟೈಲರಮ್ಮ.

ಯಜಮಾನರು ಬಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಕಾಲಕ್ಕೆ ಗಿಜಿಗುಡುತ್ತಿದ್ದ ಆ ತಾಣದಲ್ಲಿ ಈಗ ಉಳಿದಿದ್ದವರು ಮಂಡಿನೋವಿನ ಎಣ್ಣೆ ಮಾರುವವರು, ಮನೆಯಲ್ಲೇ ಕೂತು ಕೋಟಿ ಗಳಿಸುವ ಗುಟ್ಟನ್ನು ಪುಕ್ಕಟೆ ಹಂಚುವ ಪುಣ್ಯಾತ್ಮರು (ಕೋಟಿ ಗಳಿಸಿದ ಮೇಲೂ ಇಲ್ಲೇ ಯಾಕೆ ಬಿದ್ದಿದ್ದಾರೋ), ಮತ್ತು ಏನು ಬರೆದರೂ 'ಅದ್ಭುತ' ಎನ್ನುವ ಯಂತ್ರಗಳು. 'ಸೂಕ್ಷ್ಮದರ್ಶಕ' ಎಂಬ ಅಂಕಿತನಾಮದಿಂದ ಸಕಲ ಚರಾಚರಗಳ ಮೇಲೂ ತೀರ್ಪು ಕೊಡುತ್ತಿದ್ದ ಯಜಮಾನರು ಕೊನೆಗೆ ಒಂದು ಸುದೀರ್ಘ ವಿದಾಯಭಾಷಣ ಬರೆದು ಹಾಕಿದರು. 'ಸೂಪರ್ ಸರ್, ಮಂಡಿ ಹೇಗಿದೆ' ಅಂತ ಎಣ್ಣೆಯವನು ಕೇಳಿದ. ಮತ್ತೆ ಯಾರೂ ಏನೂ ಕೇಳಲಿಲ್ಲ.

ಹೊಸ ತಾಣದಲ್ಲಿ ಅವರಿಗೆ ಸಿಕ್ಕಿದ್ದು 'ಮೆಲುದನಿ ಬಳಗ'. ಸುಸಂಸ್ಕೃತರ ಕೂಟ. ಅಲ್ಲಿ ಯಾರೂ ಯಾರಿಗೂ ಎದುರಾಡುವುದಿಲ್ಲ. ಯಜಮಾನರು ಮೊದಲ ದಿನವೇ ತೋಳೇರಿಸಿಕೊಂಡು, 'ಬೆಕ್ಕು ಸಾಕುವವರೆಲ್ಲ ಶುದ್ಧ ಸೋಮಾರಿಗಳು' ಎಂದು ಬರೆದರು. ಬರೆದು, ಕಾಳಗಕ್ಕೆ ಸಿದ್ಧರಾಗಿ ಕುರ್ಚಿ ಎಳೆದುಕೊಂಡರು. ಉತ್ತರ ಬಂತು: 'ನಿಮ್ಮ ನೋವು ನಮಗೆ ಅರ್ಥವಾಗುತ್ತದೆ. ಒಂದು ಲೋಟ ನೀರು ಕುಡಿಯಿರಿ.' ಅದರ ಕೆಳಗೆ ಸಾಲುಸಾಲಾಗಿ ಹೃದಯಗಳು.

ಅವರಿಗೆ ಬೇಕಾಗಿದ್ದದ್ದು ಹೃದಯವಲ್ಲ, 'ಕಟುಸತ್ಯ'. ಹಳೆಯ ತಾಣದಲ್ಲಿ ವರ್ಷಗಟ್ಟಲೆ ದಿನ ಬೆಳಗಾದರೆ ಅವರ ಜತೆ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ ಮಹಾನುಭಾವನ ಹೆಸರು ಅದು. ಆತ ಒಂದು ಮಾತೂ ಹೇಳದೆ ತಾಣ ಬಿಟ್ಟು ಹೋಗಿದ್ದ. ಸ್ನೇಹಿತರು ಹೋದಾಗ ಯಜಮಾನರು ಲೆಕ್ಕಕ್ಕಿಟ್ಟಿರಲಿಲ್ಲ. ಇವನು ಹೋದ ಮೇಲೆ ಊಟ ಸೇರಲಿಲ್ಲ.

ಜಗಳದ ತೆವಲು ಎಲ್ಲಿ ಹೋಗುತ್ತದೆ? ನೆಟ್ಟಗೆ ಹಾಲಿಗೆ ಬಂದು ಹೊಲಿಗೆ ಮಷಿನ್ ಪಕ್ಕದಲ್ಲಿ ಕೂತುಕೊಂಡಿತು. ಟವೆಲನ್ನು ಎರಡು ಮಡಿಕೆ ಯಾಕೆ ಮಡಚಿದೆ, ಇಸ್ತ್ರಿಪೆಟ್ಟಿಗೆ ಎಡಗಡೆ ಯಾಕಿದೆ, ಪ್ರತಿಯೊಂದಕ್ಕೂ ಬಹಿರಂಗ ವಿಚಾರಣೆ. ಒಂದು ಸಂಜೆ ಬ್ಯಾಂಕಿನ ಮೇಡಮ್ಮು ಸ್ಕರ್ಟಿಗೆ ಗುಂಡಿ ಹಾಕಿಸಲು ಬಂದಿದ್ದರು.

"ಗುಂಡಿ ಅನ್ನೋದೇ ಒಂದು ಹಿಂದುಳಿದ ವ್ಯವಸ್ಥೆ," ಎಂದರು ಯಜಮಾನರು. "ಇದಕ್ಕೆ ನಿಮ್ಮ ಉತ್ತರ ಏನು?"

ಮೇಡಮ್ಮು ಗುಂಡಿಯನ್ನು ಪರ್ಸಿಗೆ ಹಾಕಿಕೊಂಡರು. ಸ್ಕರ್ಟು ಎತ್ತಿಕೊಂಡು ಹೋದವರು ತಿರುಗಿ ಬರಲಿಲ್ಲ.

"ರೀ, ನಿಮಗೆ ಏನಾಗಿದೆ?"

"ಏನೂ ಆಗಿಲ್ಲ ಅಂತ ನಾನು ವಾದ ಮಾಡ್ತೀನಿ. ಆಗಿದೆ ಅಂತ ನೀನು ವಾದ ಮಾಡು."

"ನಾನು ಯಾವ ವಾದಾನೂ ಮಾಡಲ್ಲ. ನಾನು ಪರದೆ ಮುಗಿಸ್ಬೇಕು."

"ನೋಡಿದ್ಯಾ, ನೀನೂ ಆ ಮೆಲುದನಿ ಬಳಗದವಳೇ ಕಣೆ," ಎಂದು ಅವರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಕೇಳಿ ಟೈಲರಮ್ಮನಿಗೆ ಸಿಟ್ಟಿನ ಜತೆಗೆ ಪಾಪ ಅಂತಲೂ ಅನ್ನಿಸಿತು. ಹೀಗೇ ಬಿಟ್ಟರೆ ಗಂಡನೂ ಕೆಡುತ್ತಾನೆ, ಗಿರಾಕಿಗಳೂ ಕೆಡುತ್ತಾರೆ. ಮನುಷ್ಯನಿಗೆ ಬಳಗ ಹುಡುಕಿಕೊಟ್ಟು ಪ್ರಯೋಜನವಿಲ್ಲ, ವೈರಿಯನ್ನೇ ಹುಡುಕಿಕೊಡಬೇಕು ಎಂದು ಆಕೆ ತೀರ್ಮಾನಿಸಿದಳು.

ಕಟುಸತ್ಯ ಹಳೆಯ ತಾಣದಲ್ಲಿ ಬಿಟ್ಟುಹೋಗಿದ್ದ ಫೋಟೋದಲ್ಲಿ, ಅವನ ಕಿವಿಯ ಹಿಂದೆ, ಹಲ್ಲಿನ ಆಸ್ಪತ್ರೆಯೊಂದರ ಬೋರ್ಡು ಕಾಣುತ್ತಿತ್ತು, ಫೋನ್ ನಂಬರಿನ ಸಮೇತ. ಫೋನ್ ಎತ್ತಿದವಳು ಆ ಆಸ್ಪತ್ರೆಯ ಡಾಕ್ಟರ, ಅಂದರೆ ಕಟುಸತ್ಯನ, ಹೆಂಡತಿ.

"ಹಲ್ಲುನೋವಾ?"

"ಅಲ್ಲಮ್ಮ, ತಲೆನೋವು. ನಿಮ್ಮನೆಯವರೂ ನಮ್ಮನೆಯವರೂ ಮೊದಲು ದಿನಾ ಜಗಳ ಆಡ್ತಿದ್ರು. ಸೂಕ್ಷ್ಮದರ್ಶಕ ಅಂತ..."

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು. "ಅಕ್ಕಾ, ಎಲ್ಲಿದ್ರಿ ಇಷ್ಟು ದಿನ? ಇವರು ಈಗ ಪೇಷೆಂಟುಗಳ ಹತ್ರ ವಾದ ಮಾಡ್ತಾರೆ. ಬಾಯಿ ತೆರೆಸಿ, ಹತ್ತಿ ತುರುಕಿ, ಆಮೇಲೆ ಅಭಿಪ್ರಾಯ ಕೇಳ್ತಾರೆ. ಅವರು ಪಾಪ ಏನು ಹೇಳ್ತಾರೆ? ಉತ್ತರ ಬರಲಿಲ್ಲ ಅಂತ ಇವರಿಗೆ ಕೋಪ."

ಇಬ್ಬರೂ ಸೇರಿ ಹೊಸ ತಾಣದಲ್ಲಿ 'ಎದುರುಬದುರು' ಎಂಬ ಬಳಗ ಕಟ್ಟಿದರು. ಸದಸ್ಯರು ಇಬ್ಬರೇ, ಗುಟ್ಟಾಗಿ ಆಹ್ವಾನ ಕಳಿಸಿ ಕರೆಸಿದ ಗಂಡಂದಿರು. ದಿನಕ್ಕೊಂದು ಚರ್ಚಾವಿಷಯ ಹಾಕುವ ಅನಾಮಿಕ ನಿರ್ವಾಹಕರೂ ಇಬ್ಬರೇ, ಒಬ್ಬಳು ಹೊಲಿಗೆಯ ನಡುವೆ, ಇನ್ನೊಬ್ಬಳು ಅಪಾಯಿಂಟ್‌ಮೆಂಟುಗಳ ನಡುವೆ. ಕಟುಸತ್ಯ ಒಳಗೆ ಕಾಲಿಟ್ಟದ್ದೇ, 'ನಿಮ್ಮ ಅಜ್ಞಾನ ಇನ್ನೂ ಹಾಗೇ ಇದೆಯೇ?' ಎಂದು ವಿಚಾರಿಸಿದ. ಯಜಮಾನರ ಕಣ್ಣು ತುಂಬಿ ಬಂತು.

ಆಮೇಲಿನ ದಿನಗಳನ್ನು ಟೈಲರಮ್ಮ ಸ್ವರ್ಗ ಎಂದೇ ಕರೆಯುತ್ತಾಳೆ. ಯಜಮಾನರು ಬೆಳಗ್ಗೆ ಒಂದು ಸುತ್ತು ಕಾದಾಡಿ, ಹಗುರಾಗಿ, ಶಿಳ್ಳೆ ಹಾಕುತ್ತ ಅಂಗಡಿಗೆ ಹೋಗುತ್ತಿದ್ದರು. ಟವೆಲು ಹೇಗೆ ಬೇಕಾದರೂ ಮಡಚಿಕೊಳ್ಳಬಹುದಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸಾದರು. ಇಬ್ಬರು ಹೆಂಗಸರು ಮಧ್ಯಾಹ್ನಗಳಲ್ಲಿ ಮರುದಿನದ ವಿಷಯ ಆರಿಸುವ ನೆಪದಲ್ಲಿ ಫೋನು ಹಿಡಿದರೆ, ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು.

ಎಡವಟ್ಟಾದದ್ದು ಅಲ್ಲೇ. ಹೋಟೆಲೊಂದರ ಪರದೆಗಳ ಆರ್ಡರು ತಲೆಯ ಮೇಲೆ ಕೂತಿದ್ದ ದಿನ ಟೈಲರಮ್ಮನಿಗೆ ವಿಷಯ ಹೊಳೆಯಲಿಲ್ಲ. ಡಾಕ್ಟರ ಹೆಂಡತಿ ನಗುತ್ತಾ, "ನಮ್ಮನ್ನೇ ಹಾಕಿಬಿಡಿ ಅಕ್ಕಾ," ಎಂದಳು. ಟೈಲರಮ್ಮನೂ ಹಿಂದುಮುಂದು ನೋಡದೆ ಹಾಕಿಬಿಟ್ಟಳು: 'ಹೆಂಡತಿಯರು ಫೋನಿನಲ್ಲಿ ಮಾತಾಡುವುದು ಅತಿಯಾಯಿತೇ?'

'ಹೌದು,' ಎಂದು ಬರೆದ ಸೂಕ್ಷ್ಮದರ್ಶಕ.

'ಹೌದು ಸ್ವಾಮಿ,' ಎಂದು ಬರೆದ ಕಟುಸತ್ಯ. 'ನಿಮ್ಮ ಮನೆಯಲ್ಲೂ ಹಾಗೇನಾ?'

ಅಷ್ಟೇ. ವರ್ಷಗಟ್ಟಲೆಯ ವೈರ ಒಂದು ಮಧ್ಯಾಹ್ನದಲ್ಲಿ ಕರಗಿ ನೀರಾಯಿತು. ಭಾನುವಾರ ಬೆಳಗ್ಗೆ ಕರೆಗಂಟೆ ಒತ್ತಿದ ಡಾಕ್ಟರು ಟೈಲರಮ್ಮನಿಗೆ ನಮಸ್ಕಾರವನ್ನೂ ಹೇಳದೆ ಒಳಗೆ ನಡೆದು ಗೆಳೆಯನನ್ನು ತಬ್ಬಿಕೊಂಡರು. ಇಬ್ಬರೂ ಹೋಟೆಲಿನ ಪರದೆಬಟ್ಟೆಯ ಮೇಲೇ ಕೂತು ಬೆಕ್ಕಿನ ಬಗ್ಗೆ ಒಪ್ಪಿದರು, ಗುಂಡಿಯ ಬಗ್ಗೆ ಒಪ್ಪಿದರು. ಒಪ್ಪಲು ಬೇರೇನೂ ಉಳಿಯದಾಗ ಇಬ್ಬರೂ ತಲೆಯೆತ್ತಿ ಮಷಿನ್ ಕಡೆ ನೋಡಿದರು.

"ಇಸ್ತ್ರಿಪೆಟ್ಟಿಗೆ ಎಡಗಡೆ ಯಾಕಿದೆ?" ಎಂದರು ಡಾಕ್ಟರು.

"ನಾನೂ ಅದನ್ನೇ ಕೇಳ್ತಾ ಬಂದಿದೀನಿ ನೋಡಿ," ಎಂದರು ಯಜಮಾನರು.

ಟೈಲರಮ್ಮ ಅಡುಗೆಮನೆಗೆ ಓಡಿ, ಬಾಗಿಲು ಹಾಕಿಕೊಂಡು ಫೋನು ಹಚ್ಚಿದಳು. "ತಾಯಿ, ನಿಮ್ಮನೆಯವರನ್ನ ಕರೆಸ್ಕೊಳ್ಳಿ. ಇನ್ನು ಚಹಾ ಕೇಳ್ತಾರೆ, ಊಟ ಕೇಳ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಕಾರಣ ಕೇಳ್ತಾರೆ."

ಆ ಕಡೆಯಿಂದ ಬಂದದ್ದು ಇದೀಗ ತಾನೇ ಎದ್ದು ಮೈಮುರಿದ ದನಿ. "ಅಕ್ಕಾ, ಮನೆ ಎಷ್ಟು ನಿಶ್ಶಬ್ದವಾಗಿದೆ ಗೊತ್ತಾ? ಮದುವೆಯಾದ ಮೇಲೆ ಇವತ್ತೇ ಗೋಡೆ ಗಡಿಯಾರದ ಸದ್ದು ಕೇಳಿದ್ದು. ಸಾಯಂಕಾಲದವರೆಗೂ ಇಟ್ಕೊಳ್ಳಿ. ಮುಂದಿನ ಭಾನುವಾರಾನೂ ಕಳಿಸ್ತೀನಿ."

ಫೋನು ಕಟ್ಟಾಯಿತು. ಬಾಗಿಲಿನ ಆಚೆಯಿಂದ ಎರಡು ಗಂಟಲು ಒಟ್ಟಿಗೇ ಕೇಳಿದವು.

"ಇಷ್ಟು ಹೊತ್ತು ಯಾರ ಜತೆ ಮಾತು?"