ಫಕೀರಪ್ಪಣ್ಣನ ಸರ್ವಡಿಸ್ಕ್ ಪೆಟ್ಟಿಗೆ

"ಎಲ್ಲಾ ಡಿಸ್ಕಿಗೂ ಇದೊಂದ ಪೆಟಿಗಿ ಸಾಕು. ಹಾಡಿಂದು ಹಾಕು, ಚಿತ್ರದ್ದು ಹಾಕು, ತಾನ ಗುರ್ತು ಹಿಡೀತೈತಿ," ಎಂದು ನಮ್ಮಣ್ಣ ಫಕೀರಪ್ಪ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಟವೆಲ್ಲು ಸರಿಸಿದ.

ಗದಗಿನ ಬೆಟಗೇರಿಯಲ್ಲಿ ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು ಅವನು. ಅಂಗಡಿ ಮುಚ್ಚಿದ ಮೇಲೆ ಹೊಸ ಯಂತ್ರಗಳನ್ನು ಹುಟ್ಟಿಸತೊಡಗಿದ್ದ. ಪಕ್ಕದ ಮನೆ ಅವನ ತಮ್ಮನಾದ ನನ್ನದಾದ್ದರಿಂದ ಪ್ರತಿ ಸಲವೂ ಮೊದಲ ಪ್ರೇಕ್ಷಕ ನಾನೇ. ಫ್ಯೂಸ್ ಹೋದರೆ ಮೊದಲು ಕತ್ತಲಾಗುವುದೂ ನನ್ನ ಮನೆಯೇ.

ಅವನ ಹೆಂಡತಿ ನೀಲಾ ವೈನಿಗೆ ಈ ಪೆಟ್ಟಿಗೆ ಹಿಡಿಸಿರಲಿಲ್ಲ.

"ಬ್ಯಾರೆ ಬ್ಯಾರೆ ಎರಡು ತರೂಣು ಅಂದ್ನಿ. ದೇವರಮನಿಗೆ ಹಾಡಿಂದು, ಪಡಸಾಲಿಗೆ ಚಿತ್ರದ್ದು. ಒಂದು ಕೆಟ್ರ ಇನ್ನೊಂದರ ಉಳೀತೈತಿ."

"ಎರಡು ಪೆಟಿಗಿ, ಎರಡು ರಿಮೋಟು, ಮನಿತುಂಬ ವಾಯರು. ಯಾಕ ಬೇಕು?"

"ಅತ್ತಿ ಡಿಸ್ಕ್ ಇರೂದು ಒಂದ ರೀ. ಅದು ನೆನಪಿರ್ಲಿ."

ಅತ್ತಿ ಎಂದರೆ ನಮ್ಮವ್ವ. ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವಳು ಹಾಡಿದ ಐದು ತತ್ವಪದಗಳನ್ನು ಅಣ್ಣ ಒಮ್ಮೆ ಅಂಗಡಿಯಲ್ಲೇ ಕೂರಿಸಿ ಟೇಪು ಮಾಡಿಕೊಂಡಿದ್ದ. ಆ ಟೇಪಿಗೆ ಬೂಸಲು ಹಿಡಿಯುವ ಮೊದಲು ಅದನ್ನು ಒಂದು ಡಿಸ್ಕಿಗೆ ಇಳಿಸಿದ್ದ. ಅವ್ವನ ದನಿ ನಮಗೆ ಉಳಿದದ್ದು ಅದರಲ್ಲಿ ಮಾತ್ರ.

ಮೊದಲು ಮಗಳು ಶಕುಂತಲಾಳ ಮದುವೆಯ ಡಿಸ್ಕ್ ಹಾಕಿದ. ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಬಂತು. ಆ ಖುಷಿಯಲ್ಲಿ ಅದನ್ನು ಹೊರತೆಗೆಯುವುದನ್ನೇ ಮರೆತು ಅವ್ವನ ಡಿಸ್ಕನ್ನೂ ಅದೇ ಸೀಳಿಗೆ ಹಿಡಿದ. ಪೆಟ್ಟಿಗೆ ಅದನ್ನು ಅವನ ಬೆರಳಿನಿಂದ ಕಿತ್ತುಕೊಂಡು ನುಂಗಿತು.

ಒಳಗೆ ಏನೋ ಕರಕರ ತಿರುಗಿತು. ಟಿವಿಯಲ್ಲಿ ಬೀಗರು ಮೀಸೆ ತಿರುವುತ್ತ ಬಾಯಿ ತೆರೆದರು. "ಎಲ್ಲಾರೂ ಊಟಕ್ಕ ಏಳ್ರಿ" ಎಂದ ಆ ದನಿ ಅವ್ವನದಾಗಿತ್ತು.

ವೈನಿ ತಟ್ಟನೆ ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದು ನಿಂತರು. ಶಕುಂತಲಾ ಅವ್ವನ ದನಿಯಲ್ಲಿ ನಕ್ಕಳು. ಫೋಟೋ ತೆಗೆಯುವವನು ಅವ್ವನ ದನಿಯಲ್ಲಿ "ಸ್ವಲ್ಪ ಈ ಕಡೆ ನೋಡ್ರಿ" ಎಂದ. ನಾವು ಮೂವರೂ ಆ ಕಡೆಯೇ ನೋಡಿದೆವು.

"ಬಂದ್ ಮಾಡ್ರಿ, ನಿಮ್ಮ ಕೈ ಮುಗೀತೀನಿ," ಎಂದರು ವೈನಿ.

ನಾನೇ ಹಾರಿ ಪ್ಲಗ್ಗು ಕಿತ್ತೆ. ಟಿವಿ ಆರಿತು. ಅಣ್ಣ ನಮ್ಮ ಕಡೆ ತಿರುಗಿ, "ಗಾಬರಿ ಆಗಬ್ಯಾಡ್ರಿ, ಏನೂ ಆಗಿಲ್ಲ," ಎಂದ.

ಅದೂ ಅವ್ವನ ದನಿಯೇ.

ಅವನು ಗಂಟಲು ಹಿಡಿದುಕೊಂಡು ನೆಲಕ್ಕೆ ಕುಸಿದ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಆ ದನಿ ಮುಂದೆ ನನ್ನ ಬಾಯಿಗೆ ಬಂದರೆ ಎಂಬ ಭಯ. ಅಣ್ಣ ಕೆಮ್ಮಿದ. ಚಳಿಗಾಲದಲ್ಲಿ ಅವ್ವ ಕೆಮ್ಮುತ್ತಿದ್ದ ಹಾಗೆಯೇ ಕೇಳಿಸಿತು.

ಕೊನೆಗೆ ಪೆಟ್ಟಿಗೆ ಬಿಚ್ಚಿ ಅವ್ವನ ಡಿಸ್ಕ್ ತೆಗೆದು, ನನ್ನ ಮನೆಯ ಹಳೆಯ ಪ್ಲೇಯರಿನಲ್ಲಿ ಹಾಕಿದೆವು. ತತ್ವಪದವೇನೋ ಇತ್ತು, ಶ್ರುತಿಯೂ ತಾಳವೂ ಅವ್ವನವೇ. ಹಾಡುತ್ತಿದ್ದ ದನಿ ಮಾತ್ರ ಅಣ್ಣನ ಗಡಸು ದನಿ. ಪೆಟ್ಟಿಗೆ ಇಬ್ಬರ ದನಿಯನ್ನೂ ಅದಲು ಬದಲು ಮಾಡಿಬಿಟ್ಟಿತ್ತು.

"ಮತ್ತೊಮ್ಮೆ ಹಾಕಿದ್ರ ತಿರುಗಿ ಬರತೈತಿ," ಎಂದ ಅಣ್ಣ.

"ಬರಲಿಲ್ಲಾ ಅಂದ್ರ?" ಎಂದೆ. "ಎರಡೂ ದನಿ ಹೋದ್ರ?"

ಅವನು ಡಿಸ್ಕನ್ನು ಅಂಗಿಯ ತುದಿಯಿಂದ ಒರೆಸಿದ. ಆಮೇಲೆ ಸಣ್ಣಗೆ, "ನನಗ ಹೆದರಿಕಿ ಆಗೇತಿ," ಎಂದ.

ವೈನಿ ಅವನನ್ನೇ ನೋಡಿದರು. ಇಪ್ಪತ್ತು ವರ್ಷ ಅತ್ತೆಯ ಬಾಯಲ್ಲಿ ಬೈಗುಳ ಕೇಳಿದ್ದರು, ಅಪ್ಪಣೆ ಕೇಳಿದ್ದರು, ಹೆದರಿಕೆಯ ಮಾತು ಒಮ್ಮೆಯೂ ಕೇಳಿರಲಿಲ್ಲ. ಹತ್ತಿರ ಕೂತು ಅವನ ಕೈ ಹಿಡಿದುಕೊಂಡರು. "ಇರ್ಲಿ ಬಿಡ್ರಿ, ನಾ ಅದೀನಲ್ಲ," ಎಂದರು. ಅದು ಅಣ್ಣನಿಗೆ ಹೇಳಿದ್ದೋ ಅತ್ತೆಗೋ ನನಗೆ ತಿಳಿಯಲಿಲ್ಲ.

ಅಣ್ಣ ತನ್ನ ಮನೆಗೆ ಮರಳಿ, ಪೆಟ್ಟಿಗೆ ಮುಚ್ಚಿ ಪ್ಲಗ್ಗು ಹಾಕಿ, ಧೈರ್ಯ ಮಾಡಿ ಡಿಸ್ಕನ್ನು ಇನ್ನೊಮ್ಮೆ ತಳ್ಳಿದ. ಪೆಟ್ಟಿಗೆ ಗರ್ರೆಂದಿತು, ಬಿಸಿಯಾಯಿತು, ಸೀಳಿನಿಂದ ಕಪ್ಪು ಹೊಗೆ ಬಂತು. ನನ್ನ ಮನೆಯ ಫ್ಯೂಸೂ ಹೋಯಿತು. ಡಿಸ್ಕು ಹೊರಗೆ ಬಂದಾಗ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಅಣ್ಣ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ದನಿ ಉಳಿದಿದೆಯೋ ಇಲ್ಲವೋ ಎಂದು ನೋಡಲು ಅವನಿಗೇ ಧೈರ್ಯವಿರಲಿಲ್ಲ.

"ಹಾಡ್ರಿ," ಎಂದರು ವೈನಿ.

ಅವನು ಹಾಡಿದ. ದನಿ ಉಳಿದಿತ್ತು, ಅವ್ವನದೇ. ಶ್ರುತಿ ಮಾತ್ರ ಅಣ್ಣನದು. ಅವ್ವ ಜೀವಮಾನದಲ್ಲಿ ಅಷ್ಟು ಬೇಸೂರು ಹಾಡಿರಲಿಲ್ಲ. ಆದರೂ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಈಗ ಅಣ್ಣ ಪ್ರತಿದಿನ ಬೆಳಿಗ್ಗೆ ಸಂಗೀತದ ಮೇಷ್ಟ್ರ ಮನೆಗೆ ಹೋಗಿ ಸ್ವರ ಕಲಿಯುತ್ತಾನೆ. ಅವ್ವನ ಐದು ತತ್ವಪದಗಳಲ್ಲಿ ಒಂದು ಸರಿಹೋಗಿದೆ. ನಿನ್ನೆ ಗ್ಯಾಸ್ ಸಿಲಿಂಡರಿನವರು ಫೋನ್ ಮಾಡಿದಾಗ ಅವನೇ ಎತ್ತಿದ.

"ಅಮ್ಮಾರ, ಮನ್ಯಾಗ ಗಂಡಸ್ರು ಯಾರರ ಅದಾರೇನ್ರಿ?" ಎಂದದ್ದು ಪಕ್ಕದಲ್ಲಿ ಕೂತಿದ್ದ ನನಗೂ ಕೇಳಿಸಿತು.

ಅಣ್ಣ ಒಂದು ಮಾತೂ ಆಡದೆ ಫೋನನ್ನು ನನ್ನ ಕೈಗೆ ಕೊಟ್ಟ.